ಅಳಿಸಿದರೂ ಅಳಿಸದ ಸರ್ವರ್

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಒಂದು ಸರ್ವರ್ ಇತ್ತು. ಅದನ್ನು ರೀಸ್ಟಾರ್ಟ್ ಮಾಡಿ ಆರುನೂರು ಚಿಲ್ಲರೆ ದಿನ ಆಗಿತ್ತು. ಹೊಸಬರು ಸೇರಿದರೆ ಆ ಅಂಕಿಯನ್ನು ಹೆಮ್ಮೆಯಿಂದ ತೋರಿಸುತ್ತಿದ್ದೆವು. ಒಳಗೊಳಗೇ ಎಲ್ಲರಿಗೂ ಭಯ. ಅದನ್ನು ಕಟ್ಟಿದವರು ಕೆಲಸ ಬಿಟ್ಟು ಹೋಗಿದ್ದರು. ಯಾವ ಪ್ಯಾಕೇಜ್ ಹಾಕಿದ್ದಾರೆ, ಯಾವ ಫೈಲನ್ನು ಕೈಯಲ್ಲಿ ತಿದ್ದಿದ್ದಾರೆ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಒಂದು ಶನಿವಾರ ರಾತ್ರಿ ಡಿಸ್ಕ್ ಕೈಕೊಟ್ಟಿತು. ಮೂರು ಜನ ಕೂತು, ಹಳೆಯ ಇಮೇಲ್ ಕೆದಕಿ ಕೆದಕಿ, ಸೋಮವಾರ ಮಧ್ಯಾಹ್ನದ ಹೊತ್ತಿಗೆ ಅದನ್ನು ಮತ್ತೆ ಎಬ್ಬಿಸಿದೆವು.

ಅಲ್ಲಿಂದ ನಾನು ಒಂದು ಅಳತೆ ಇಟ್ಟುಕೊಂಡಿದ್ದೇನೆ. ಸರ್ವರನ್ನು ಬೇಕೆಂದೇ ಅಳಿಸಿಬಿಟ್ಟರೆ ಅದು ಅರ್ಧ ಗಂಟೆಯೊಳಗೆ ವಾಪಸ್ ಬರಬೇಕು. ನಾನು ಊರಲ್ಲಿ ಇಲ್ಲದಿದ್ದರೂ ಬರಬೇಕು. ಕಂಟೇನರ್, ಆಟೊಮೇಷನ್ ಅಂತ ಏನೇನು ಕಲಿತರೂ ಈ ಪರೀಕ್ಷೆ ಪಾಸಾಗದಿದ್ದರೆ ಕಲಿತದ್ದು ಸುಮ್ನೆ. ಈ ಲೇಖನ ಆ ಪರೀಕ್ಷೆಯವರೆಗೆ ಹೋಗುವ ದಾರಿ.

ಉದಾಹರಣೆಗೆ ನಮ್ಮ ಬಡಾವಣೆಯವರು ಸೇರಿ ನಡೆಸುವ ಪುಸ್ತಕ ಎರವಲು ಆ್ಯಪ್ ತೆಗೆದುಕೊಳ್ಳುತ್ತೇನೆ. ಯಾರು ಯಾವ ಪುಸ್ತಕ ಒಯ್ದರು, ಯಾವಾಗ ತಂದರು, ಅಷ್ಟೇ. ಪೈಥಾನ್ ಫ್ಲಾಸ್ಕ್‌ನಲ್ಲಿ ಬರೆದದ್ದು, ಡೇಟಾಬೇಸ್ ಪೋಸ್ಟ್‌ಗ್ರೆಸ್. ಇನ್ನೂರು ಜನ ಬಳಸುತ್ತಾರೆ. ಕ್ಲೌಡ್ ಅಮೆಜಾನಿನದು, ಮುಂಬೈ ರೀಜನ್. ಆ ರೀಜನ್ (ಅಮೆಜಾನಿನ ಸರ್ವರುಗಳು ಇರುವ ಪ್ರದೇಶ) ಶುರುವಾದದ್ದು 2016ರ ಜೂನ್‌ನಲ್ಲಿ. ಈಗ ಹೈದರಾಬಾದಿನಲ್ಲೂ ಒಂದಿದೆ. ನೀವು ಬೇರೆ ಕ್ಲೌಡ್ ಬಳಸಿದರೂ ಪರವಾಗಿಲ್ಲ, ಹೆಸರು ಬದಲಾಗುತ್ತದೆ, ಕೆಲಸ ಅದೇ. ಒಂದು ಮಾತು: ಕಮಾಂಡುಗಳನ್ನು ಇಲ್ಲಿ ಓದಿದ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬೇಕು, ಗೊತ್ತೇ ಇದೆಯಲ್ಲ.

ವಠಾರದ ಲೆಕ್ಕ

ಕಂಟೇನರ್ ಅಂದರೆ ಪುಟ್ಟ ಕಂಪ್ಯೂಟರ್ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ವರ್ಚುವಲ್ ಮಷೀನ್ (ಒಂದು ಕಂಪ್ಯೂಟರ್ ಒಳಗೆ ತಂತ್ರಾಂಶದಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ಅಂದರೆ ಸೈಟು ತೆಗೆದು ಕಟ್ಟಿಸಿದ ಸ್ವಂತ ಮನೆ. ಅದಕ್ಕೆ ಅದರದೇ ಅಡಿಪಾಯ, ಅದರದೇ ಬೋರ್‌ವೆಲ್. ಕಂಟೇನರ್ ವಠಾರದ ಮನೆ. ಬಾಗಿಲು ಬೇರೆ, ಅಡುಗೆಮನೆ ಬೇರೆ, ಬಾವಿ ಮಾತ್ರ ಎಲ್ಲರಿಗೂ ಒಂದೇ. ಆ ಬಾವಿ ಲಿನಕ್ಸ್ ಕರ್ನಲ್, ಆಪರೇಟಿಂಗ್ ಸಿಸ್ಟಂನ ತಿರುಳು. ಪಕ್ಕದವರು ಕಾಣದ ಹಾಗೆ ಅಡ್ಡಗೋಡೆ ಹಾಕುವುದು ನೇಮ್‌ಸ್ಪೇಸ್. ಯಾರಿಗೆ ಎಷ್ಟು ಕೊಡ ನೀರು ಅಂತ ಲೆಕ್ಕ ಇಡುವುದು ಸಿಗ್ರೂಪ್.

ಸಿಗ್ರೂಪಿನ ಕೆಲಸವನ್ನು ಗೂಗಲ್ ಎಂಜಿನಿಯರುಗಳು 2006ರಲ್ಲಿ ಶುರು ಮಾಡಿದರು. 2008ರ ಆರಂಭದಲ್ಲಿ ಅದು ಲಿನಕ್ಸ್ 2.6.24ರಲ್ಲಿ ಸೇರಿತು. ಡಾಕರ್ ಬಂದದ್ದು ಅದಾಗಿ ಐದು ವರ್ಷಕ್ಕೆ. 2013ರ ಮಾರ್ಚ್‌ನಲ್ಲಿ ಪೈಕಾನ್ ಸಮ್ಮೇಳನದಲ್ಲಿ ಅದರ ಹುಟ್ಟಿಗೆ ಕಾರಣರಾದ ಸಾಲೊಮನ್ ಹೈಕ್ಸ್ ಅದನ್ನು ಐದೇ ನಿಮಿಷದಲ್ಲಿ ತೋರಿಸಿದರು. ಗೋಡೆಗಳು ಆಗಲೇ ಇದ್ದವು. ಮನೆ ಸಾಮಾನನ್ನೆಲ್ಲ ಒಂದು ಗಂಟು ಕಟ್ಟಿ, ಯಾವ ವಠಾರಕ್ಕೆ ಬೇಕಾದರೂ ಒಯ್ದು ಬಿಚ್ಚುವ ಉಪಾಯವನ್ನು ಡಾಕರ್ ಸುಲಭ ಮಾಡಿತು. ಆ ಗಂಟಿನ ಹೆಸರು ಇಮೇಜ್.

ವಠಾರ ಅಂದ ಮೇಲೆ ಎರಡು ಎಚ್ಚರ ಬೇಕು. ಬಾವಿ ಕೆಟ್ಟರೆ ಎಲ್ಲರಿಗೂ ತೊಂದರೆ, ಹಾಗಾಗಿ ಸರ್ವರಿನ ಕರ್ನಲ್ ಅಪ್‌ಡೇಟ್ ಬಿಡಬಾರದು. ಮಿತಿ ಹಾಕದಿದ್ದರೆ ಒಂದೇ ಮನೆಯವರು ಬಾವಿ ಬರಿದು ಮಾಡಬಹುದು, ಹಾಗಾಗಿ ಪ್ರತಿ ಕಂಟೇನರ್‌ಗೂ ಮೆಮೊರಿ ಮಿತಿ ಹಾಕಬೇಕು.

ಹೆಜ್ಜೆ 1: ಗಂಟು ಕಟ್ಟುವುದು

ಡಾಕರ್‌ಫೈಲ್ ಅನ್ನುವುದು ಅಡುಗೆಯ ಚೀಟಿ ಇದ್ದ ಹಾಗೆ. ಮೇಲಿಂದ ಕೆಳಗೆ ಒಂದೊಂದೇ ಸಾಲು ನಡೆಯುತ್ತದೆ, ಫೈಲುಗಳನ್ನು ಬದಲಿಸುವ ಪ್ರತಿ ಸಾಲೂ ಒಂದು ಪದರ ಆಗುತ್ತದೆ. ಈ ಪದರದ ವಿಷಯ ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲ ಸಾಲು ಬೇಸ್ ಇಮೇಜ್, ಅಂದರೆ ಯಾವ ತಯಾರಿರುವ ಗಂಟಿನ ಮೇಲೆ ನಮ್ಮದನ್ನು ಕಟ್ಟುತ್ತೇವೆ ಅನ್ನುವುದು. ಸುಮ್ಮನೆ ಪೈಥಾನ್ ಅಂತ ಬರೆದರೆ ಇವತ್ತು ಒಂದು ಆವೃತ್ತಿ ಬರುತ್ತದೆ, ಆರು ತಿಂಗಳಾದ ಮೇಲೆ ಇನ್ನೊಂದು. ಪೈಥಾನ್ 3.12 ಸ್ಲಿಮ್ ಬುಕ್‌ವರ್ಮ್ ಅಂತ ಪೂರ್ತಿ ಟ್ಯಾಗ್ ಬರೆಯಿರಿ. ಆಲ್ಪೈನ್ ಅನ್ನುವ ಪುಟ್ಟ ಲಿನಕ್ಸ್ ಹಾಕಿದರೆ ಇಮೇಜ್ ಪುಟ್ಟದಾಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಜ, ಆಲ್ಪೈನ್ ಕೆಲವೇ ಎಂಬಿ. ಆದರೆ ಅದರ ಒಳಗೆ ಮಾಮೂಲಿ ಸಿ ಲೈಬ್ರರಿ ಬದಲು ಮಸಲ್ ಅನ್ನುವುದು ಇದೆ. ಕೆಲವು ಪೈಥಾನ್ ಪ್ಯಾಕೇಜುಗಳು ಅದಕ್ಕೆ ತಯಾರಾಗಿ ಸಿಗುವುದಿಲ್ಲ, ಮೂಲದಿಂದ ಕಂಪೈಲ್ ಆಗಲು ಕೂರುತ್ತವೆ. ಉಳಿದ ಎಂಬಿಗಿಂತ ಕಳೆದ ಸಮಯವೇ ಜಾಸ್ತಿ. ನಾನು ಪೈಥಾನಿಗೆ ಸ್ಲಿಮ್ ಬಿಟ್ಟು ಬೇರೆ ಬಳಸುವುದಿಲ್ಲ.

ಮುಂದೆ ಸಾಲುಗಳ ಕ್ರಮ. ರಿಕ್ವೈರ್‌ಮೆಂಟ್ಸ್ ಫೈಲನ್ನು ಮಾತ್ರ ಮೊದಲು ಕಾಪಿ ಮಾಡಿ, ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ, ಆಮೇಲೆ ನಿಮ್ಮ ಕೋಡ್ ಕಾಪಿ ಮಾಡಿ. ಯಾಕೆಂದರೆ ಒಂದು ಪದರ ಬದಲಾದರೆ ಅದರ ಕೆಳಗಿನದೆಲ್ಲ ಮತ್ತೆ ಕಟ್ಟಬೇಕು. ಕೋಡ್ ದಿನಕ್ಕೆ ಹತ್ತು ಸಲ ಬದಲಾಗುತ್ತದೆ, ಪ್ಯಾಕೇಜ್ ಪಟ್ಟಿ ತಿಂಗಳಿಗೊಮ್ಮೆ. ಕ್ರಮ ಉಲ್ಟಾ ಮಾಡಿದರೆ ಒಂದು ಕಾಮಾ ತಿದ್ದಿದರೂ ಎಲ್ಲ ಪ್ಯಾಕೇಜ್ ಮತ್ತೆ ಇಳಿಯುತ್ತದೆ.

ಪದರಗಳ ಇನ್ನೊಂದು ಗುಣ ಅಪಾಯದ್ದು. ಪಾಸ್‌ವರ್ಡ್ ಇರುವ ಡಾಟ್ ಎನ್ವ್ ಫೈಲನ್ನು ಒಂದು ಸಾಲಿನಲ್ಲಿ ಕಾಪಿ ಮಾಡಿ, ಮುಂದಿನ ಸಾಲಿನಲ್ಲಿ ಅಳಿಸಿದರೆ ಅದು ಹೋಯಿತು ಅಂದುಕೊಳ್ಳಬೇಡಿ. ಹಳೆಯ ಪದರದಲ್ಲಿ ಹಾಗೇ ಕೂತಿರುತ್ತದೆ. ಇಮೇಜ್ ಸಿಕ್ಕವರು ಯಾರು ಬೇಕಾದರೂ ತೆಗೆದು ನೋಡಬಹುದು. ಡಾಟ್ ಡಾಕರ್‌ಇಗ್ನೋರ್ ಫೈಲಿನಲ್ಲಿ (ಇಮೇಜಿಗೆ ಸೇರಬಾರದವುಗಳ ಪಟ್ಟಿ ಅದು) ಡಾಟ್ ಎನ್ವ್ ಮತ್ತು ಡಾಟ್ ಗಿಟ್ ಎರಡನ್ನೂ ಮೊದಲ ದಿನವೇ ಬರೆದುಬಿಡಿ.

ಕೊನೆಯಲ್ಲಿ ಎರಡು ಸಾಲು. ಒಂದು, ಯೂಸರ್ ಬದಲಿಸುವುದು. ಏನೂ ಹೇಳದಿದ್ದರೆ ನಿಮ್ಮ ಆ್ಯಪ್ ಕಂಟೇನರ್ ಒಳಗೆ ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಯೂಸರ್ ಆಗಿ ಓಡುತ್ತದೆ. ಬೇಡ. ಇನ್ನೊಂದು, ಆ್ಯಪ್ ಶುರು ಮಾಡುವ ಸಾಲು. ಅದನ್ನು ಚೌಕ ಆವರಣದ ಒಳಗೆ ಪಟ್ಟಿಯಾಗಿ ಬರೆಯಿರಿ. ಸಾದಾ ವಾಕ್ಯದ ಹಾಗೆ ಬರೆದರೆ ಮಧ್ಯದಲ್ಲಿ ಒಂದು ಶೆಲ್ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಬಂದು ಕೂರುತ್ತದೆ. ಡಾಕರ್ ನಿಲ್ಲು ಅಂತ ಸಿಗ್ನಲ್ ಕಳಿಸಿದಾಗ ಅದು ಆ್ಯಪಿಗೆ ಮುಟ್ಟದೇ ಹೋಗಬಹುದು. ಆಗ ಡಾಕರ್ ಹತ್ತು ಸೆಕೆಂಡ್ ಕಾದು ಕತ್ತು ಹಿಸುಕುತ್ತದೆ. ಕಂಟೇನರ್ ನಿಲ್ಲಿಸಲು ಪ್ರತಿ ಸಲ ಸರಿಯಾಗಿ ಹತ್ತು ಸೆಕೆಂಡ್ ಹಿಡಿದರೆ ಇದೇ ಕಾರಣ ಇರಬಹುದು.

ಹೊಸ ಮ್ಯಾಕ್ ಇರುವವರಿಗೆ ಒಂದು ಮಾತು. ಅದರ ಚಿಪ್ ಆರ್ಮ್ ಜಾತಿಯದು. ಅಲ್ಲಿ ಕಟ್ಟಿದ ಇಮೇಜನ್ನು ಇಂಟೆಲ್ ಸರ್ವರಿಗೆ ಒಯ್ದರೆ ಎಕ್ಸೆಕ್ ಫಾರ್ಮ್ಯಾಟ್ ಎರರ್ ಅಂತ ಬರುತ್ತದೆ. ಕೋಡಿನಲ್ಲಿ ತಪ್ಪು ಹುಡುಕುತ್ತಾ ಕೂರಬೇಡಿ. ಬಿಲ್ಡ್ ಮಾಡುವಾಗ ಪ್ಲಾಟ್‌ಫಾರ್ಮ್ ಯಾವುದು ಅಂತ ಹೇಳಿದರೆ ಸರಿಹೋಗುತ್ತದೆ.

ಹೆಜ್ಜೆ 2: ಕಂಪೋಸ್ ಫೈಲ್

ನಮ್ಮ ಆ್ಯಪಿಗೆ ಮೂರು ಕಂಟೇನರ್ ಸಾಕು. ಆ್ಯಪ್, ಪೋಸ್ಟ್‌ಗ್ರೆಸ್, ಮುಂದೆ ಬಾಗಿಲಲ್ಲಿ ನಿಲ್ಲಲು ಕ್ಯಾಡಿ ಅನ್ನುವ ವೆಬ್ ಸರ್ವರ್. ಕ್ಯಾಡಿಗೆ ಡೊಮೈನ್ ಹೆಸರು ಹೇಳಿದರೆ ಅದೇ ಹೋಗಿ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಸರ್ಟಿಫಿಕೇಟ್ ತರುತ್ತದೆ, ಅವಧಿ ಮುಗಿಯುವ ಮುಂಚೆ ನವೀಕರಿಸುತ್ತದೆ. ಮೂರನ್ನೂ ಒಂದೇ ಕಂಪೋಸ್ ಫೈಲಿನಲ್ಲಿ ಬರೆದು ಡಾಕರ್ ಕಂಪೋಸ್ ಅಪ್ ಅಂದರೆ ಎಲ್ಲ ಏಳುತ್ತವೆ. ಹಳೆಯ ಲೇಖನಗಳಲ್ಲಿ ಫೈಲಿನ ತಲೆಯಲ್ಲಿ ವರ್ಷನ್ ಅಂತ ಒಂದು ಸಾಲು ಇರುತ್ತದೆ. ಈಗ ಅದು ಬೇಕಿಲ್ಲ.

ಬರೆಯುವುದು ಸುಲಭ. ಕಾಲು ಜಾರುವ ಜಾಗಗಳನ್ನು ಮಾತ್ರ ಹೇಳುತ್ತೇನೆ.

ಡೇಟಾಬೇಸ್ ಪೋರ್ಟನ್ನು (ನೆಟ್‌ವರ್ಕಿನಿಂದ ಅದರ ಒಳಗೆ ಬರುವ ಬಾಗಿಲು) ಹೊರಗೆ ತೆರೆಯಬೇಡಿ. ಆ್ಯಪ್ ಮತ್ತು ಪೋಸ್ಟ್‌ಗ್ರೆಸ್ ಒಂದೇ ಕಂಪೋಸ್ ಫೈಲಿನಲ್ಲಿದ್ದರೆ ಹೆಸರು ಹಿಡಿದು ಮಾತಾಡಿಕೊಳ್ಳುತ್ತವೆ, ಪೋರ್ಟ್ಸ್ ಅನ್ನುವ ಸಾಲೇ ಬೇಡ. ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿದ್ದೇನಲ್ಲ ಅಂತ ಧೈರ್ಯವಾಗಿ ಇರುವವರೂ ಕೇಳಿ: ಡಾಕರ್ ತನ್ನ ಪೋರ್ಟುಗಳಿಗೆ ಐಪಿಟೇಬಲ್ಸ್‌ನಲ್ಲಿ ತನ್ನದೇ ನಿಯಮ ಬರೆಯುತ್ತದೆ. ಯುಎಫ್‌ಡಬ್ಲ್ಯು ಬಾಗಿಲು ಮುಚ್ಚಿದೆ ಅನ್ನುತ್ತಿರುತ್ತದೆ, ಹಿತ್ತಿಲ ಬಾಗಿಲು ತೆರೆದಿರುತ್ತದೆ.

ಆ್ಯಪ್ ಮೊದಲು ಎದ್ದು, ಪೋಸ್ಟ್‌ಗ್ರೆಸ್ ಇನ್ನೂ ಕಣ್ಣು ಬಿಡುತ್ತಿದ್ದರೆ ಆ್ಯಪ್ ಬಿದ್ದುಹೋಗುತ್ತದೆ. ಡಿಪೆಂಡ್ಸ್ ಆನ್ ಅಂತ ಸುಮ್ಮನೆ ಬರೆದರೆ ಕಂಟೇನರ್ ಶುರುವಾಗುವ ತನಕ ಮಾತ್ರ ಕಾಯುತ್ತದೆ, ಒಳಗಿನದು ತಯಾರಾಗುವ ತನಕ ಅಲ್ಲ. ಪೋಸ್ಟ್‌ಗ್ರೆಸ್‌ಗೆ ಹೆಲ್ತ್‌ಚೆಕ್ ಕೊಟ್ಟು, ಸರ್ವಿಸ್ ಹೆಲ್ದಿ ಅನ್ನುವ ಷರತ್ತು ಸೇರಿಸಿ.

ಲಾಗ್. ಡಾಕರ್ ಏನೂ ಹೇಳದಿದ್ದರೆ ಲಾಗನ್ನು ಒಂದು ಜೇಸನ್ ಫೈಲಿಗೆ ಬರೆಯುತ್ತಲೇ ಹೋಗುತ್ತದೆ, ಮಿತಿಯೇ ಇಲ್ಲ. ಒಂದು ದಿನ ಡಿಸ್ಕ್ ತುಂಬಿ ಪೋಸ್ಟ್‌ಗ್ರೆಸ್ ನಿಲ್ಲುತ್ತದೆ, ನೀವು ಪೋಸ್ಟ್‌ಗ್ರೆಸ್‌ಗೆ ಬೈಯುತ್ತೀರಿ. ಒಂದು ಫೈಲಿಗೆ 10 ಎಂಬಿ, ಒಟ್ಟು ಮೂರು ಫೈಲ್ ಅಂತ ಮಿತಿ ಹಾಕಿ.

ಇನ್ನು ಡೇಟಾ. ಕಂಟೇನರನ್ನು ಅಳಿಸಿದರೆ ಅದರ ಒಳಗೆ ಬರೆದದ್ದೂ ಹೋಗುತ್ತದೆ. ಆದ್ದರಿಂದ ಪೋಸ್ಟ್‌ಗ್ರೆಸ್ ಬರೆಯುವ ಜಾಗವನ್ನು ಹೊರಗಿನ ಫೋಲ್ಡರಿಗೆ ಜೋಡಿಸಬೇಕು. ಇಲ್ಲೊಂದು ಹೊಸ ಗುಂಡಿ ಇದೆ. ಪೋಸ್ಟ್‌ಗ್ರೆಸ್ 17ರ ತನಕ ಜೋಡಿಸುತ್ತಿದ್ದ ಜಾಗ ಡೇಟಾ ಅನ್ನುವ ಒಳಫೋಲ್ಡರ್. 18ರ ಇಮೇಜಿನಲ್ಲಿ ಅದು ಒಂದು ಮೆಟ್ಟಿಲು ಮೇಲಕ್ಕೆ, ಪೋಸ್ಟ್‌ಗ್ರೆಸ್‌ಕ್ಯೂಎಲ್ ಫೋಲ್ಡರಿಗೇ ಬಂದಿದೆ. ಹಳೆಯ ಫೈಲಿನಲ್ಲಿ ಆವೃತ್ತಿಯ ಅಂಕಿ ಮಾತ್ರ ಬದಲಿಸಬೇಡಿ. ಇನ್ನೊಂದು ವಿಷಯ, ಡಾಕರ್ ಕಂಪೋಸ್ ಡೌನ್ ಅಂದರೆ ಕಂಟೇನರ್ ಹೋಗುತ್ತದೆ. ಅದಕ್ಕೇ ಹೈಫನ್ ವಿ ಸೇರಿಸಿದರೆ ಡೇಟಾಕ್ಕಾಗಿ ಡಾಕರ್ ತಾನೇ ಇಟ್ಟುಕೊಳ್ಳುವ ವಾಲ್ಯೂಮ್‌ಗಳೂ ಹೋಗುತ್ತವೆ. ಕೇಳದೇ ಹೋಗುತ್ತವೆ.

ಹೆಜ್ಜೆ 3: ಸರ್ವರನ್ನೂ ಫೈಲಿನಲ್ಲಿ ಬರೆಯುವುದು

ಇಲ್ಲಿಯವರೆಗೆ ಮಾಡಿದ್ದು ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಈಗ ಕ್ಲೌಡಿನ ವೆಬ್ ಪುಟಕ್ಕೆ ಹೋಗಿ, ಅಲ್ಲಿ ಕ್ಲಿಕ್, ಇಲ್ಲಿ ಕ್ಲಿಕ್ ಮಾಡಿ ಸರ್ವರ್ ತೆಗೆದುಕೊಳ್ಳುವ ಆಸೆ ಬರುತ್ತದೆ. ತಡೆದುಕೊಳ್ಳಿ. ಕ್ಲಿಕ್ ಮಾಡಿದ್ದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ನನ್ನ ಆ ಹಳೆಯ ಸರ್ವರ್ ಕಥೆ ಶುರುವಾದದ್ದೂ ಹೀಗೇ.

ಒಂದೇ ಒಂದು ಕೆಲಸವನ್ನು ಮಾತ್ರ ಕ್ಲಿಕ್ ಮಾಡಿ ಮುಗಿಸಿ: ಬಜೆಟ್ ಅಲಾರಂ. ತಿಂಗಳಿಗೆ ಇಷ್ಟು ಡಾಲರ್ ದಾಟಿದರೆ ಇಮೇಲ್ ಬರಲಿ ಅಂತ. ಸರ್ವರ್ ತೆಗೆದುಕೊಳ್ಳುವ ಮುಂಚೆ ಇದು ಆಗಬೇಕು.

ಉಳಿದದ್ದಕ್ಕೆ ಟೆರಾಫಾರ್ಮ್ ಅಥವಾ ಓಪನ್‌ಟೋಫು. ಏನು ಬೇಕು ಅಂತ ಫೈಲಿನಲ್ಲಿ ಬರೆದರೆ ಕ್ಲೌಡಿನಲ್ಲಿ ಅದನ್ನು ಮಾಡಿಕೊಡುವ ಸಾಧನಗಳು ಇವು. ಟೆರಾಫಾರ್ಮನ್ನು ಹ್ಯಾಶಿಕಾರ್ಪ್ ಕಂಪನಿ 2014ರಲ್ಲಿ ತಂದಿತು. 2023ರ ಆಗಸ್ಟ್‌ನಲ್ಲಿ ಅದರ ಲೈಸೆನ್ಸ್ ಬದಲಾಯಿತು, ಪೂರ್ತಿ ಮುಕ್ತ ತಂತ್ರಾಂಶವಾಗಿ ಉಳಿಯಲಿಲ್ಲ. ಒಪ್ಪದವರು ಹಳೆಯ ಕೋಡಿನಿಂದ ಕವಲು ತೆಗೆದು ಓಪನ್‌ಟೋಫು ಮಾಡಿದರು. ಅದು ಲಿನಕ್ಸ್ ಫೌಂಡೇಷನ್ ಆಶ್ರಯದಲ್ಲಿದೆ. ಸಣ್ಣ ಕೆಲಸಕ್ಕೆ ಎರಡರಲ್ಲಿ ಯಾವುದಾದರೂ ಆದೀತು. ನಾನು ಓಪನ್‌ಟೋಫು ಬಳಸುತ್ತೇನೆ. ಮುಂದೆ ಟೋಫು ಅಂತಲೇ ಕರೆಯುತ್ತೇನೆ.

ಟೋಫುಗೆ ನಾವು ಹೀಗೆ ಮಾಡು ಅಂತ ಹೇಳುವುದಿಲ್ಲ, ಕೊನೆಗೆ ಇದು ಇರಬೇಕು ಅಂತ ಹೇಳುತ್ತೇವೆ. 2 ಜಿಬಿ ಮೆಮೊರಿಯ ಒಂದು ಸರ್ವರ್, ಅದಕ್ಕೊಂದು ಡಿಸ್ಕ್, 80 ಮತ್ತು 443 ಪೋರ್ಟ್ ಎಲ್ಲರಿಗೂ ತೆರೆದಿರಲಿ, ಎಸ್‌ಎಸ್‌ಎಚ್ (ದೂರದಿಂದ ಸರ್ವರ್ ಒಳಗೆ ಹೋಗುವ ದಾರಿ) ನನ್ನ ಐಪಿಗೆ ಮಾತ್ರ. ಈಗ ಏನಿದೆ, ಏನಿರಬೇಕು ಅಂತ ಹೋಲಿಸಿ ನೋಡಿ ವ್ಯತ್ಯಾಸವನ್ನು ಟೋಫು ಪ್ಲಾನ್ ತೋರಿಸುತ್ತದೆ. ಟೋಫು ಅಪ್ಲೈ ಅಂದರೆ ಮಾಡುತ್ತದೆ.

ನನ್ನ ಮಟ್ಟಿಗೆ ಈ ಇಡೀ ಲೇಖನದಲ್ಲಿ ಒಂದೇ ಮಾತು ಇಟ್ಟುಕೊಳ್ಳಿ ಅಂದರೆ ಇದು: ಎರಡು ಫೋಲ್ಡರ್ ಮಾಡಿ. ಒಂದರ ಹೆಸರು ಉಳಿಯುವುದು, ಇನ್ನೊಂದರ ಹೆಸರು ಅಳಿಯುವುದು. ಎರಡಕ್ಕೂ ಬೇರೆ ಬೇರೆ ಸ್ಟೇಟ್ ಫೈಲ್, ಅದೇನು ಅಂತ ಮುಂದೆ ಹೇಳುತ್ತೇನೆ.

ಉಳಿಯುವುದರಲ್ಲಿ ಡೇಟಾ ಡಿಸ್ಕ್, ಸ್ಥಿರ ಐಪಿ ವಿಳಾಸ, ಬ್ಯಾಕಪ್ ಬಕೆಟ್ (ಎಸ್3 ಅನ್ನುವ ಅಮೆಜಾನಿನ ಫೈಲ್ ಸಂಗ್ರಹದಲ್ಲಿ ನಮ್ಮ ಜಾಗ), ಪಾಸ್‌ವರ್ಡ್‌ಗಳು. ಪಾಸ್‌ವರ್ಡ್‌ಗಳಿಗೆ ಅಮೆಜಾನಿನ ಪ್ಯಾರಾಮೀಟರ್ ಸ್ಟೋರ್ ಸಾಕು. ಜಾಗವನ್ನು ಟೋಫು ಮಾಡಲಿ, ನಿಜವಾದ ಪಾಸ್‌ವರ್ಡನ್ನು ನೀವೇ ಕೈಯಾರೆ ತುಂಬಿ. ಅಳಿಯುವುದರಲ್ಲಿ ಸರ್ವರ್, ಅದರ ಫೈರ್‌ವಾಲ್ ನಿಯಮ, ಆ ಡಿಸ್ಕ್ ಮತ್ತು ಐಪಿಯನ್ನು ಸರ್ವರಿಗೆ ತಗುಲಿಸುವ ಕೊಂಡಿ. ಅಷ್ಟೇ. ಎರಡನೆಯ ಫೋಲ್ಡರಿನಲ್ಲಿ ನಿಂತು ಟೋಫು ಡಿಸ್ಟ್ರಾಯ್ ಅಂದರೂ ಒಂದು ಪುಸ್ತಕದ ಲೆಕ್ಕವೂ ತಪ್ಪಬಾರದು. ಐಪಿ ಹಾಗೇ ಉಳಿಯುವುದರಿಂದ ಡಿಎನ್‌ಎಸ್ (ಡೊಮೈನ್ ಹೆಸರನ್ನು ಐಪಿಗೆ ಜೋಡಿಸುವ ಪಟ್ಟಿ) ಕೂಡ ಮುಟ್ಟಬೇಕಿಲ್ಲ. ಡಿಸ್ಕ್ ರೀಜನ್ ಒಳಗಿನ ಯಾವ ಭಾಗದಲ್ಲಿ, ಅಂದರೆ ಯಾವ ಅವೈಲಬಿಲಿಟಿ ಝೋನ್‌ನಲ್ಲಿದೆಯೋ ಸರ್ವರ್ ಕೂಡ ಅದರಲ್ಲೇ ಇರಬೇಕು, ಮರೆಯಬೇಡಿ. ಬೇರೆ ಝೋನ್‌ನಲ್ಲಿದ್ದರೆ ತಗುಲಿಸಲು ಆಗುವುದಿಲ್ಲ.

ಡೇಟಾ ಡಿಸ್ಕಿಗೆ ಪ್ರಿವೆಂಟ್ ಡಿಸ್ಟ್ರಾಯ್ ಅನ್ನುವ ಸಾಲು ಹಾಕಿ. ಅದು ಮಂತ್ರದ ತಾಯತ ಅಲ್ಲ. ಫೈಲಿನಿಂದ ಡಿಸ್ಕಿನ ಇಡೀ ಭಾಗವನ್ನೇ ಅಳಿಸಿ ಅಪ್ಲೈ ಮಾಡಿದರೆ ತಾಯತವೂ ಅದರ ಜೊತೆಗೇ ಹೋಗಿರುತ್ತದೆ.

ಸ್ಟೇಟ್ ಫೈಲ್ ಅಂದರೆ ಟೋಫುವಿನ ನೆನಪು. ಇದನ್ನು ಲ್ಯಾಪ್‌ಟಾಪಿನಲ್ಲಿ ಇಡಬಾರದು, ಗಿಟ್‌ಗೆ ಹಾಕಲೇಬಾರದು. ಟೋಫು ನೋಡಿಕೊಳ್ಳುವ ಪಾಸ್‌ವರ್ಡ್‌ಗಳು ಅದರಲ್ಲಿ ಸಾದಾ ಅಕ್ಷರದಲ್ಲೇ ಬಿದ್ದಿರುತ್ತವೆ. ಎಸ್3 ಬಕೆಟ್ಟಿನಲ್ಲಿ ಇಡಿ, ಹಳೆಯ ಪ್ರತಿಗಳನ್ನೂ ಉಳಿಸುವ ವರ್ಷನಿಂಗ್ ಆನ್ ಮಾಡಿ. ಇಬ್ಬರು ಒಂದೇ ಹೊತ್ತಿಗೆ ಅಪ್ಲೈ ಮಾಡದ ಹಾಗೆ ಬೀಗ ಬೇಕು. ಮುಂಚೆ ಇದಕ್ಕೆ ಅಮೆಜಾನಿನ ಡೈನಮೋಡಿಬಿ ಡೇಟಾಬೇಸಿನಲ್ಲಿ ಟೇಬಲ್ ಒಂದನ್ನು ಬೇರೆಯಾಗಿ ಮಾಡಬೇಕಿತ್ತು. ಟೆರಾಫಾರ್ಮ್ 1.10ರಿಂದ, ಟೋಫುವಿನಲ್ಲೂ 1.10ರಿಂದ, ಎಸ್3 ಒಳಗೇ ಬೀಗ ಹಾಕಬಹುದು. ಟೋಫುವಿನಲ್ಲಿ 1.7ರಿಂದ ಸ್ಟೇಟ್ ಫೈಲನ್ನೇ ಎನ್‌ಕ್ರಿಪ್ಟ್ ಮಾಡುವ ಸೌಲಭ್ಯವೂ ಇದೆ.

ಪ್ಲಾನ್ ಓದುವುದನ್ನು ಅಭ್ಯಾಸ ಮಾಡಿಕೊಳ್ಳಿ. ಎಷ್ಟು ಸೇರುತ್ತದೆ, ಎಷ್ಟು ಬದಲಾಗುತ್ತದೆ, ಎಷ್ಟು ನಾಶವಾಗುತ್ತದೆ ಅಂತ ಕೊನೆಯ ಸಾಲಿನಲ್ಲಿ ಬರುತ್ತದೆ. ನಾಶದ ಅಂಕಿ ಸೊನ್ನೆ ಅಲ್ಲದಿದ್ದರೆ ಮೇಲಿಂದ ಪೂರ್ತಿ ಓದಿ. ನಾನೊಮ್ಮೆ ಫೈರ್‌ವಾಲಿನ ಒಂದು ಸಾಲು ತಿದ್ದಿ ಪ್ಲಾನ್ ಹಾಕಿದರೆ ಸರ್ವರನ್ನೇ ಬದಲಿಸುತ್ತೇನೆ ಅಂದಿತು. ಕಾರಣ ನೋಡಿದರೆ, ಉಬುಂಟು ಇಮೇಜನ್ನು (ಇದು ಡಾಕರ್ ಇಮೇಜ್ ಅಲ್ಲ, ಸರ್ವರಿಗೆ ಹಾಕುವ ಆಪರೇಟಿಂಗ್ ಸಿಸ್ಟಂನದು) ಆರಿಸುವಾಗ ಎಲ್ಲಕ್ಕಿಂತ ಹೊಸದು ಕೊಡು ಅಂತ ಬರೆದಿದ್ದೆ. ಹಿಂದಿನ ವಾರ ಹೊಸ ಇಮೇಜ್ ಬಂದಿತ್ತು. ಇಮೇಜಿನ ಗುರುತನ್ನು ಪಿನ್ ಮಾಡಿ, ಬೇಕಾದಾಗ ನೀವೇ ಬದಲಿಸಿ.

ಸರ್ವರ್ ಮೊದಲ ಸಲ ಏಳುವಾಗ ಏನು ಮಾಡಬೇಕು ಅಂತ ಕ್ಲೌಡ್-ಇನಿಟ್ ಸ್ಕ್ರಿಪ್ಟಿನಲ್ಲಿ ಬರೆಯಬೇಕು. ಡಾಕರ್ ಹಾಕು, ಡೇಟಾ ಡಿಸ್ಕ್ ಮೌಂಟ್ ಮಾಡು (ಒಂದು ಫೋಲ್ಡರಿಗೆ ಜೋಡಿಸು), ಪಾಸ್‌ವರ್ಡ್ ತೆಗೆದುಕೊಂಡು ಬಾ, ಕಂಪೋಸ್ ಎಬ್ಬಿಸು. ಈ ಸ್ಕ್ರಿಪ್ಟಿನಲ್ಲಿ ಒಂದು ಜಾಗ ಮಾತ್ರ ಜೀವಕ್ಕೆ ಬರುವಂಥದ್ದು. ಹೊಸ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು, ಹಳೆಯ ಡಿಸ್ಕನ್ನು ಮಾಡಬಾರದು. ಮೊದಲು ಬ್ಲಾಕ್ಐಡಿ ಕಮಾಂಡಿನಿಂದ ಅದರಲ್ಲಿ ಫೈಲ್‌ಸಿಸ್ಟಂ ಇದೆಯಾ ನೋಡಿ, ಇಲ್ಲದಿದ್ದರೆ ಮಾತ್ರ ಫಾರ್ಮ್ಯಾಟ್. ಇನ್ನೂ ಒಂದು, ನೀವು ಟೋಫುವಿನಲ್ಲಿ ಕೊಟ್ಟ ಡಿಸ್ಕ್ ಹೆಸರು ಸರ್ವರ್ ಒಳಗೆ ಅದೇ ಹೆಸರಿನಲ್ಲಿ ಕಾಣುವುದಿಲ್ಲ. ಈಗಿನ ಅಮೆಜಾನ್ ಸರ್ವರ್‌ಗಳಲ್ಲಿ ಅದು ಎನ್‌ವಿಎಂಇ ಅಂತ ಶುರುವಾಗುವ ಹೆಸರಾಗಿ ಬರುತ್ತದೆ. ಫೈಲ್‌ಸಿಸ್ಟಂಗೆ ಒಂದು ಲೇಬಲ್ ಕೊಟ್ಟು ಆ ಲೇಬಲ್ ಹಿಡಿದು ಮೌಂಟ್ ಮಾಡಿ.

ಹೆಜ್ಜೆ 4: ಬ್ಯಾಕಪ್

ಡಿಸ್ಕ್ ಉಳಿಯುತ್ತದಲ್ಲ, ಬ್ಯಾಕಪ್ ಯಾಕೆ? ಯಾರೋ ತಪ್ಪಾಗಿ ಟೇಬಲ್ ಅಳಿಸಿದರೆ ಡಿಸ್ಕ್ ಅದನ್ನೂ ನಿಷ್ಠೆಯಿಂದ ಉಳಿಸಿಕೊಳ್ಳುತ್ತದೆ, ಅದಕ್ಕೆ. ದಿನಾ ರಾತ್ರಿ ಪಿಜಿಡಂಪ್ (ಡೇಟಾಬೇಸನ್ನು ಒಂದು ಫೈಲಿಗೆ ತೆಗೆಯುವ ಕಮಾಂಡ್) ಓಡಿಸಿ, ಫೈಲನ್ನು ಬಕೆಟ್ಟಿಗೆ ಕಳಿಸಿ, ಮೂವತ್ತು ದಿನಕ್ಕಿಂತ ಹಳೆಯದು ತಾನೇ ಹೋಗುವ ಹಾಗೆ ನಿಯಮ ಹಾಕಿ. ಸರ್ವರಿಗೆ ಆ ಬಕೆಟ್ಟಿನಲ್ಲಿ ಬರೆಯುವ ಅನುಮತಿ ಇರಲಿ, ಅಳಿಸುವ ಅನುಮತಿ ಬೇಡ. ಬಕೆಟ್ಟಿಗೆ ವರ್ಷನಿಂಗ್ ಇರಲಿ, ಇಲ್ಲದಿದ್ದರೆ ಅದೇ ಹೆಸರಿನಲ್ಲಿ ಮೇಲೆ ಬರೆದರೂ ಹಳೆಯದು ಹೋದ ಹಾಗೇ. ಸರ್ವರಿಗೆ ಕಳ್ಳ ನುಗ್ಗಿದರೂ ಬ್ಯಾಕಪ್ ಉಳಿಯಬೇಕು ಅಲ್ವಾ.

ಹೆಜ್ಜೆ 5: ಗಿಟ್‌ಗೆ ತಳ್ಳಿದರೆ ಸರ್ವರಿಗೆ ಮುಟ್ಟಬೇಕು

ಇದನ್ನು ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಮಾಡಬಹುದು, ಗಿಟ್‌ಲ್ಯಾಬ್‌ನಲ್ಲೂ ಮಾಡಬಹುದು. ಕೋಡ್ ತಳ್ಳಿದ ಕೂಡಲೇ ಟೆಸ್ಟ್ ಓಡಬೇಕು, ಇಮೇಜ್ ಕಟ್ಟಬೇಕು, ರಿಜಿಸ್ಟ್ರಿಗೆ (ಇಮೇಜ್ ಇಡುವ ಗೋದಾಮು) ಹೋಗಬೇಕು, ಸರ್ವರ್ ಅದನ್ನು ಎಳೆದುಕೊಂಡು ಕಂಪೋಸ್ ಅಪ್ ಮಾಡಬೇಕು. ಕಂಪೋಸ್ ಬದಲಾದ ಕಂಟೇನರನ್ನು ಮಾತ್ರ ಬದಲಿಸುತ್ತದೆ. ಎರಡು ಮೂರು ಸೆಕೆಂಡ್ ಆ್ಯಪ್ ಸಿಗುವುದಿಲ್ಲ. ಪುಸ್ತಕದ ಆ್ಯಪಿಗೆ ಅದು ದೊಡ್ಡ ವಿಷಯ ಅಲ್ಲ.

ಟ್ಯಾಗ್ ಲೇಟೆಸ್ಟ್ ಅಂತ ಇಡಬೇಡಿ. ಲೇಟೆಸ್ಟ್ ಅಂದರೆ ಯಾವುದು ಅಂತ ರಾತ್ರಿ ಹನ್ನೊಂದಕ್ಕೆ ಯಾರಿಗೂ ಗೊತ್ತಿರುವುದಿಲ್ಲ. ಗಿಟ್ ಕಮಿಟ್ಟಿನ ಗುರುತನ್ನೇ ಟ್ಯಾಗ್ ಮಾಡಿ. ಹಿಂದೆ ಹೋಗಬೇಕಾದರೆ ಹಳೆಯ ಟ್ಯಾಗ್ ಬರೆದು ಕಂಪೋಸ್ ಅಪ್, ಮುಗಿಯಿತು. ಡೇಟಾಬೇಸ್ ಮಾತ್ರ ಹಿಂದೆ ಬರುವುದಿಲ್ಲ. ಆದ್ದರಿಂದ ಒಂದು ಕಾಲಂ ತೆಗೆಯುವುದಿದ್ದರೆ ಎರಡು ಕಂತಿನಲ್ಲಿ ಮಾಡಿ. ಮೊದಲ ವಾರ ಕೋಡಿನಲ್ಲಿ ಅದನ್ನು ಬಳಸುವುದು ನಿಲ್ಲಿಸಿ, ಮುಂದಿನ ವಾರ ಕಾಲಂ ತೆಗೆಯಿರಿ.

ಈ ಕೆಲಸಕ್ಕೆ ಗಿಟ್‌ಹಬ್‌ನಲ್ಲಿ ಅಮೆಜಾನಿನ ಖಾಯಂ ಕೀಲಿ ಇಡುವುದು ಹಳೆಯ ಪದ್ಧತಿ. ಓಐಡಿಸಿ ಬಳಸಿದರೆ ಆ ಓಟಕ್ಕೆ ಮಾತ್ರ, ಸ್ವಲ್ಪ ಹೊತ್ತು ಬದುಕುವ ಕೀಲಿ ಸಿಗುತ್ತದೆ. ಮೊದಲ ಸಲ ಹೊಂದಿಸಲು ತಲೆನೋವು. ಆಮೇಲೆ ಕೀಲಿ ಕಳೆಯುವ ಚಿಂತೆ ಇಲ್ಲ.

ಕುಬರ್ನೆಟೀಸ್ ಬೇಡ್ವಾ?

ಈ ಪ್ರಶ್ನೆ ಬಂದೇ ಬರುತ್ತದೆ. ಹಲವು ಸರ್ವರುಗಳಲ್ಲಿ ಕಂಟೇನರ್‌ಗಳನ್ನು ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ ಅದು. ಕುಬರ್ನೆಟೀಸನ್ನು ಗೂಗಲ್ 2014ರ ಜೂನ್‌ನಲ್ಲಿ ಹೊರಗೆ ತಂದಿತು, 1.0 ಬಂದದ್ದು 2015ರ ಜುಲೈನಲ್ಲಿ. ಗ್ರೀಕ್‌ನಲ್ಲಿ ಹಡಗಿನ ಚುಕ್ಕಾಣಿ ಹಿಡಿಯುವವನು ಅಂತ ಅರ್ಥ. ಮೂರು ಕಾಪಿ ಇರಬೇಕು ಅಂದರೆ ಅದು ಕಣ್ಣು ಮಿಟುಕಿಸದೆ ಎಣಿಸುತ್ತಿರುತ್ತದೆ. ಒಂದು ಸತ್ತರೆ ಇನ್ನೊಂದನ್ನು ಎಬ್ಬಿಸುತ್ತದೆ, ಒಂದು ಸರ್ವರೇ ಸತ್ತರೆ ಅದರಲ್ಲಿದ್ದವನ್ನು ಬೇರೆ ಸರ್ವರಿನಲ್ಲಿ ಎಬ್ಬಿಸುತ್ತದೆ. ಒಳ್ಳೆಯ ಚುಕ್ಕಾಣಿಗಾರ. ಆದರೆ ತೆಪ್ಪಕ್ಕೆ ಚುಕ್ಕಾಣಿಗಾರ ಯಾಕೆ?

ಖರ್ಚಿನ ಲೆಕ್ಕ ನೋಡಿ. ಅಮೆಜಾನಿನ ಕುಬರ್ನೆಟೀಸ್ ಸೇವೆಯಾದ ಇಕೆಎಸ್‌ನಲ್ಲಿ ಕ್ಲಸ್ಟರಿನ (ಸರ್ವರುಗಳ ಗುಂಪಿನ) ಮೇಲ್ವಿಚಾರಣೆಗೇ ಗಂಟೆಗೆ 10 ಸೆಂಟ್, ಮೂವತ್ತು ದಿನಕ್ಕೆ 72 ಡಾಲರ್. ಒಂದು ಆ್ಯಪ್ ಕೂಡ ಓಡಿಸುವ ಮುಂಚಿನ ಬಾಡಿಗೆ ಅದು. ಹಣಕ್ಕಿಂತ ಗಮನದ ಖರ್ಚು ಜಾಸ್ತಿ. ವರ್ಷಕ್ಕೆ ಮೂರು ಹೊಸ ಆವೃತ್ತಿ ಬರುತ್ತವೆ, ಒಂದೊಂದಕ್ಕೂ ಬೆಂಬಲ ಸುಮಾರು 14 ತಿಂಗಳು. ಅಪ್‌ಗ್ರೇಡ್ ಮಾಡುತ್ತಲೇ ಇರಬೇಕು.

ನಾನು ಯಾವಾಗ ಹೋಗುತ್ತೇನೆ ಅಂದರೆ: ಒಂದು ಸರ್ವರ್ ಸತ್ತರೂ ಆ್ಯಪ್ ನಿಲ್ಲಬಾರದು ಅನ್ನುವ ನಿಜವಾದ ಅಗತ್ಯ ಇದ್ದಾಗ, ಹತ್ತಾರು ಸರ್ವಿಸ್ ಇದ್ದಾಗ, ಅದನ್ನು ನೋಡಿಕೊಳ್ಳಲು ಕನಿಷ್ಠ ಇಬ್ಬರು ಇದ್ದಾಗ. ಕಲಿಯುವ ಆಸೆಗಾದರೆ ಕುಬರ್ನೆಟೀಸಿನ ಹಗುರ ರೂಪ ಕೆ3ಎಸ್ ಅನ್ನು ಒಂದು ಸಣ್ಣ ಸರ್ವರಿನಲ್ಲಿ ಹಾಕಿ ಆಡಿ. ಆಡುವಾಗ ಎರಡು ವಿಷಯ ಬೇಗ ಕಲಿಯಿರಿ. ಪಾಡ್ (ಕುಬರ್ನೆಟೀಸ್ ಕಂಟೇನರ್ ಇಟ್ಟು ಓಡಿಸುವ ಘಟಕ) 137 ಅನ್ನುವ ಕೋಡ್ ಕೊಟ್ಟು ಸತ್ತರೆ, ಬಹುಪಾಲು ಸಲ ಮೆಮೊರಿ ಮಿತಿ ದಾಟಿದ್ದಕ್ಕೆ ಕರ್ನಲ್ ಕೊಂದದ್ದು. 128ಕ್ಕೆ ಕಿಲ್ ಸಿಗ್ನಲಿನ ಅಂಕಿ 9 ಸೇರಿಸಿದರೆ 137. ಇನ್ನೊಂದು, ರೆಡಿನೆಸ್ ಮತ್ತು ಲೈವ್‌ನೆಸ್ ಬೇರೆ ಬೇರೆ. ರೆಡಿನೆಸ್ ತಪ್ಪಿದರೆ ಗಿರಾಕಿ ಕಳಿಸುವುದನ್ನು ನಿಲ್ಲಿಸುತ್ತದೆ, ಲೈವ್‌ನೆಸ್ ತಪ್ಪಿದರೆ ಕೊಂದು ಮತ್ತೆ ಎಬ್ಬಿಸುತ್ತದೆ. ಲೈವ್‌ನೆಸ್ ಪರೀಕ್ಷೆಯಲ್ಲಿ ಡೇಟಾಬೇಸ್ ಇದೆಯಾ ಅಂತ ಕೇಳಬೇಡಿ. ಡೇಟಾಬೇಸ್ ಒಂದು ನಿಮಿಷ ಮಲಗಿದರೆ ಆರೋಗ್ಯವಾಗಿದ್ದ ಆ್ಯಪ್‌ಗಳೆಲ್ಲ ಸಾಲಾಗಿ ಸಾಯುತ್ತವೆ.

ಹೆಜ್ಜೆ 6: ಅಳಿಸುವ ದಿನ

ಮೊದಲ ಸಲ ನಿಜವಾದ ಸರ್ವರನ್ನು ಅಳಿಸಬೇಡಿ. ಎರಡೂ ಫೋಲ್ಡರುಗಳನ್ನು ಬೇರೆ ಹೆಸರಿನಲ್ಲಿ, ಬೇರೆ ಸ್ಟೇಟ್‌ನಲ್ಲಿ ಅಪ್ಲೈ ಮಾಡಿ ಒಂದು ನಕಲು ಎಬ್ಬಿಸಿ. ನಿನ್ನೆ ರಾತ್ರಿಯ ಬ್ಯಾಕಪ್ ಅದರಲ್ಲಿ ತುಂಬಿ. ಬ್ಯಾಕಪ್ ಕೆಲಸ ಮಾಡುತ್ತದಾ ಅನ್ನುವುದೂ ಇದರಲ್ಲೇ ತಿಳಿಯುತ್ತದೆ. ಗಡಿಯಾರ ಇಟ್ಟುಕೊಂಡು, ಕೈಯಲ್ಲಿ ಮಾಡಬೇಕಾಗಿ ಬಂದ ಪ್ರತಿಯೊಂದನ್ನೂ ಹಾಳೆಯಲ್ಲಿ ಬರೆದುಕೊಳ್ಳಿ.

ನನಗೆ ಮೊದಲ ಸಲ ಎರಡೂವರೆ ಗಂಟೆ ಹಿಡಿಯಿತು. ಹಾಳೆಯಲ್ಲಿ ಇದ್ದದ್ದು ಇಷ್ಟು. ಯಾವತ್ತೋ ಮೆಮೊರಿ ಸಾಲದಾಗ ಕೈಯಲ್ಲಿ ಸ್ವಾಪ್ ಫೈಲ್ ಮಾಡಿದ್ದೆ, ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಬ್ಯಾಕಪ್ಪನ್ನು ನಿಗದಿತ ಹೊತ್ತಿಗೆ ಓಡಿಸುವ ಕ್ರಾನ್ ಸಾಲು ಸರ್ವರಿನಲ್ಲಿ ಮಾತ್ರ ಇತ್ತು. ಸರ್ವರಿನ ಟೈಮ್‌ಝೋನ್ ಯುಟಿಸಿ ಆಗಿ ಬಂತು, ಪುಸ್ತಕ ವಾಪಸ್ ಕೊಡುವ ನೆನಪಿನ ಮೆಸೇಜ್ ಬೆಳಗ್ಗೆ ಎಂಟಕ್ಕೆ ಹೋಗುವ ಬದಲು ಮಧ್ಯಾಹ್ನ ಒಂದೂವರೆಗೆ ಹೋಗುವುದಿತ್ತು. ಮೂರನ್ನೂ ಸ್ಕ್ರಿಪ್ಟಿಗೆ ಸೇರಿಸಿದೆ.

ಇದೇ ಆಟ ಅದೇ ಮಧ್ಯಾಹ್ನ ಮತ್ತೆ ಮತ್ತೆ ಆಡಿದಾಗ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಕೊಡುವುದಿಲ್ಲ ಅಂದಿತು. ಒಂದೇ ಹೆಸರಿಗೆ ವಾರಕ್ಕೆ ಐದು ಸರ್ಟಿಫಿಕೇಟ್ ಅನ್ನುವ ಮಿತಿ ಇದೆ. ಕ್ಯಾಡಿಯ ಡೇಟಾ ಫೋಲ್ಡರನ್ನೂ ಉಳಿಯುವ ಡಿಸ್ಕಿಗೆ ಜೋಡಿಸಿದರೆ ಹಳೆಯದೇ ಸಿಗುತ್ತದೆ. ಪರೀಕ್ಷೆಯ ನಕಲಿಗೆ ಲೆಟ್ಸ್ ಎನ್‌ಕ್ರಿಪ್ಟ್‌ನವರು ಪ್ರಯೋಗಕ್ಕೆಂದೇ ಇಟ್ಟಿರುವ ಸ್ಟೇಜಿಂಗ್ ವಿಳಾಸ ಬಳಸಿ.

ಎರಡು ವಾರ ಬಿಟ್ಟು ನಿಜವಾದ ಸರ್ವರಿನ ಸರದಿ. ಡಿಸ್ಟ್ರಾಯ್ ಅಂದೆ, ಅಪ್ಲೈ ಅಂದೆ, 19 ನಿಮಿಷಕ್ಕೆ ಆ್ಯಪ್ ಎದ್ದಿತು. ಒಳಗೆ ಹೋಗಿ ನೋಡಿದರೆ ಒಂದೂ ಪುಸ್ತಕ ಇಲ್ಲ. ಹೊಟ್ಟೆ ತೊಳಸಿದ ಹಾಗಾಯಿತು. ಸರ್ವರ್ ಒಳಗೆ ಹೋಗಿ ನೋಡಿದೆ. ಡಿಸ್ಕ್ ತಗುಲುವ ಮುಂಚೆಯೇ ಸ್ಕ್ರಿಪ್ಟ್ ಮೌಂಟ್ ಮಾಡಲು ಹೋಗಿ ಸೋತಿತ್ತು, ಸೋತದ್ದನ್ನು ಲೆಕ್ಕಿಸದೆ ಮುಂದೆ ಹೋಗಿತ್ತು. ಪೋಸ್ಟ್‌ಗ್ರೆಸ್ ಖಾಲಿ ಫೋಲ್ಡರ್ ನೋಡಿ ಹೊಸ ಸಂಸಾರ ಹೂಡಿತ್ತು. ಡೇಟಾ ಡಿಸ್ಕ್ ಪಕ್ಕದಲ್ಲೇ ಹಾಗೇ ಇತ್ತು. ಕಂಪೋಸ್ ಇಳಿಸಿ, ಮೌಂಟ್ ಮಾಡಿ, ಮತ್ತೆ ಎಬ್ಬಿಸಿದೆ. ಪುಸ್ತಕಗಳೆಲ್ಲ ಬಂದವು. ಈಗ ಸ್ಕ್ರಿಪ್ಟಿನಲ್ಲಿ ಎರಡು ಸಾಲು ಹೆಚ್ಚು ಇದೆ: ಡಿಸ್ಕ್ ಕಾಣುವ ತನಕ ಕಾಯಿ, ಮೌಂಟ್ ಆಗದಿದ್ದರೆ ಡಾಕರ್ ಎಬ್ಬಿಸಬೇಡ. ನೀವು ಇದನ್ನು ಮೊದಲೇ ಬರೆದುಕೊಂಡುಬಿಡಿ.

ಆಮೇಲೆ ಮೂರು ತಿಂಗಳಿಗೊಮ್ಮೆ, ಭಾನುವಾರ ಬೆಳಗ್ಗೆ, ತಿಂಡಿಗೆ ಮುಂಚೆ ಅಳಿಸುತ್ತೇನೆ. ಸಲ ಸಲಕ್ಕೂ ಬೇರೆಯವರ ಕೈಯಲ್ಲಿ ಮಾಡಿಸುತ್ತೇನೆ, ನಾನು ಪಕ್ಕದಲ್ಲಿ ಕೂತಿರುತ್ತೇನೆ, ಕೀಬೋರ್ಡ್ ಮುಟ್ಟುವುದಿಲ್ಲ. ಅವರು ನನ್ನನ್ನು ಕೇಳಿದ ಪ್ರತಿ ಪ್ರಶ್ನೆಯೂ ರೀಡ್‌ಮೀ ಫೈಲಿನಲ್ಲಿ ಒಂದು ಸಾಲಾಗುತ್ತದೆ.

ನಕಲು ಎಬ್ಬಿಸಿದ್ದಿರಲ್ಲ, ಅದನ್ನು ಡಿಸ್ಟ್ರಾಯ್ ಮಾಡಿದಿರಾ? ಅದರ ಉಳಿಯುವುದು ಫೋಲ್ಡರನ್ನೂ ಸೇರಿಸಿ? ಪ್ರಿವೆಂಟ್ ಡಿಸ್ಟ್ರಾಯ್ ಅಲ್ಲಿ ಅಡ್ಡ ನಿಂತಿರುತ್ತದೆ, ನಕಲಿನ ಮಟ್ಟಿಗೆ ಆ ಸಾಲು ತೆಗೆಯಿರಿ. ಬಿಟ್ಟಿಬಿದ್ದ ಡಿಸ್ಕಿಗೂ ಬಾಡಿಗೆ ಇದೆ. 2024ರ ಫೆಬ್ರುವರಿಯಿಂದ ಅಮೆಜಾನ್ ಪ್ರತಿ ಪಬ್ಲಿಕ್ ಐಪಿ (ಐಪಿವಿ4) ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟ್ ಹಾಕುತ್ತದೆ, ಬಳಸಿದರೂ ಅಷ್ಟೇ, ಸುಮ್ಮನೆ ಇಟ್ಟುಕೊಂಡರೂ ಅಷ್ಟೇ. ತಿಂಗಳಿಗೆ 3.60 ಡಾಲರ್. ನಾನು ಒಂದನ್ನು ಏಳು ತಿಂಗಳು ಮರೆತಿದ್ದೆ.